ಮಗ ಒಲೆ ಮುಂದೆ, ಸೊಸೆ ತೋಟದಲ್ಲಿ: ಪಹಣಿ ಯಾರ ಹೆಸರಲ್ಲಿದೆ?

ಪ್ರಶ್ನೆ: ನಮ್ಮದು ಹೊಸನಗರ ತಾಲ್ಲೂಕು, ಮೂರು ಎಕರೆ ಅಡಿಕೆ ತೋಟ. ಯಜಮಾನರಿಗೆ ಕಾಲುನೋವು, ತೋಟಕ್ಕೆ ಇಳಿಯುವುದಿಲ್ಲ. ಇಬ್ಬರು ಹೆಣ್ಣುಮಕ್ಕಳಿಗೂ ಮದುವೆಯಾಗಿದೆ. ಮಗ ಬೆಂಗಳೂರಿನ ಕಂಪನಿ ಕೆಲಸವನ್ನು ಮನೆಯಲ್ಲೇ ಕೂತು ಮಾಡುತ್ತಾನೆ. ಅಡುಗೆ, ಮಗುವಿನ ಸ್ನಾನ, ಶಾಲೆಯ ಡಬ್ಬಿ ಅವನದು. ಔಷಧಿ ಹೊಡೆಸುವುದು, ಸುಲಿಸುವುದು, ಮಂಡಿಗೆ ಹೋಗುವುದು ಸೊಸೆಯದು. ಇಬ್ಬರೂ ಖುಷಿಯಾಗಿದ್ದಾರೆ, ಕಷ್ಟ ನನಗೆ. ಮೊನ್ನೆ ಒಂದು ಗೃಹಪ್ರವೇಶದಲ್ಲಿ ನೆಂಟರೊಬ್ಬರು "ನಿಮ್ಮನೇಲಿ ಸೀರೆ ಉಡೋದು ಯಾರು ಮಾರಾಯ್ತಿ?" ಎಂದು ಎಲ್ಲರೆದುರು ನಗಾಡಿದರು. ಗಂಡಿನ ಕೆಲಸ ಗಂಡು, ಹೆಣ್ಣಿನ ಕೆಲಸ ಹೆಣ್ಣು ಮಾಡದಿದ್ದರೆ ಸಮಾಜ ಉಳಿಯುತ್ತದೆಯೇ? ಆರು ವರ್ಷದ ಮೊಮ್ಮಗ ಯಾರನ್ನು ನೋಡಿ ಕಲಿಯಬೇಕು? ನನ್ನದೇ ಅಡುಗೆಮನೆಯಲ್ಲಿ ಉಪ್ಪಿನ ಮರಿಗೆ ಎಲ್ಲಿದೆ ಎಂದು ನಾನೇ ಹುಡುಕುವಂತಾಗಿದೆ. ಇದನ್ನು ನಿಲ್ಲಿಸಲೇ, ಸುಮ್ಮನಿರಲೇ?

ಉತ್ತರ: ಅಮ್ಮಾ, ನಿಲ್ಲಿಸಬೇಡಿ. ಆದರೆ ಸುಮ್ಮನೆ ಇರುವುದೂ ಬೇಡ. ನಿಮ್ಮ ಮನೆಯಲ್ಲಿ ಕೆಲಸ ಅದಲುಬದಲಾಗಿದೆ, ಅದರ ಜೊತೆಗೆ ಹೋಗಬೇಕಾದ ಅಧಿಕಾರ ಮತ್ತು ಕಾಗದಪತ್ರ ಹಳೆಯ ಜಾಗದಲ್ಲೇ ಉಳಿದಿವೆ. ತೊಂದರೆ ಬರುವುದಾದರೆ ಅಲ್ಲಿಂದ ಬರುತ್ತದೆ, ಮಗನ ಸೌಟಿನಿಂದಲ್ಲ.

ಮೊದಲು ನೆಂಟರ ಮಾತು. ನಾನೂರು ಎಲೆ ಬೀಳುವ ಮದುವೆಗೆ ಅಡುಗೆ ಮಾಡುವವರು ಗಂಡಸರೇ, ಅವರನ್ನು ಯಾರೂ ನಗಾಡುವುದಿಲ್ಲ. ಸಂಬಳವಿಲ್ಲದೆ ಹೆಂಡತಿ ಮಕ್ಕಳಿಗೆ ಸಾರು ಮಾಡಿದರೆ ಮಾತ್ರ ನಗು. ಅತ್ತ ತೋಟದಲ್ಲಿ ಸೊಪ್ಪು ಹೊತ್ತವರು, ಗೊಬ್ಬರ ಹಾಕಿದವರು, ಮೆಟ್ಟುಗತ್ತಿಯ ಮುಂದೆ ಕೂತು ರಾತ್ರಿ ಹನ್ನೊಂದರವರೆಗೆ ಸುಲಿದವರು ಬಹುಪಾಲು ಹೆಂಗಸರೇ. ಮರ ಹತ್ತುವುದು, ಅಡಿಕೆ ಮಾರುವುದು, ರುಜು ಹಾಕುವುದು, ಈ ಮೂರೇ ಗಟ್ಟಿಯಾಗಿ ಗಂಡಸರ ಕೈಯಲ್ಲಿದ್ದದ್ದು. ನೆಲದಲ್ಲೇ ನಿಂತು ಅಡಿಕೆಗೊನೆ ಇಳಿಸುವ ಫೈಬರ್ ದೋಟಿ ಬಂದ ಮೇಲೆ ಮೊದಲನೆಯದೂ ಸಡಿಲವಾಗಿದೆ. ಹೆಂಗಸಿಗೆ ವ್ಯವಹಾರ ಏಕೆ ಎನ್ನುವವರಿಗೆ, ನಿಮ್ಮ ತಾಲ್ಲೂಕಿನದೇ ಬಿದನೂರಿನಲ್ಲಿ ಕೆಳದಿ ಚೆನ್ನಮ್ಮಾಜಿ 1672ರಿಂದ ಕಾಲು ಶತಮಾನ ರಾಜ್ಯ ಆಳಿದ್ದನ್ನು ನೆನಪಿಸಿ. ಅಷ್ಟೆಲ್ಲ ಬೇಡವೆಂದರೆ "ಹೌದು, ನಿನ್ನೆ ಒಂದೆಲಗದ ತಂಬುಳಿ ಚೆನ್ನಾಗಿ ಮಾಡಿದ್ದ" ಎಂದು ಮಾತು ಮುಗಿಸಿ. ನೀವು ಕುಗ್ಗಿದರೆ ಅವರು ಮುಂದಿನ ಮನೆಯಲ್ಲೂ ಅದನ್ನೇ ಹೇಳುತ್ತಾರೆ.

ಸಮಾಜ ಉಳಿಯುತ್ತದೆಯೇ ಎಂದಿರಿ. 2019ರಲ್ಲಿ ಕೇಂದ್ರ ಸರ್ಕಾರ ದೇಶದಾದ್ಯಂತ ಜನರ ದಿನಚರಿಯ ಸಮೀಕ್ಷೆ ಮಾಡಿಸಿತ್ತು. ದಿನವೊಂದರಲ್ಲಿ ಸಂಬಳವಿಲ್ಲದ ಮನೆಗೆಲಸಕ್ಕೆ ಕೈ ಹಾಕಿದವರು ಹೆಂಗಸರಲ್ಲಿ ಶೇ 81.2, ಗಂಡಸರಲ್ಲಿ ಶೇ 26.1. ಹಾಗೆ ಕೈ ಹಾಕಿದವರಲ್ಲೂ ಹೆಂಗಸರು 299 ನಿಮಿಷ ಕೊಟ್ಟರೆ ಗಂಡಸರು 97 ನಿಮಿಷ. ಅಂದರೆ ನಮ್ಮ ಹೆಂಗಸರು ಹೊರಗಿನ ದುಡಿಮೆಗೆ ಹೋದದ್ದು ಒಳಗಿನದನ್ನು ಇಳಿಸಿ ಅಲ್ಲ. ಎರಡನ್ನೂ ಹೊತ್ತುಕೊಂಡೇ ಹೋಗಿದ್ದಾರೆ. ಇಂಥ ಅರೆಬರೆ ಬದಲಾವಣೆ ಒಳ್ಳೆಯದಲ್ಲ ಎಂದು ಯಾರಾದರೂ ಹೇಳಿದರೆ ನಾವೂ ಒಪ್ಪುತ್ತೇವೆ. ನಿಮ್ಮ ಮನೆಯದು ಅರೆಬರೆಯೋ ಪೂರ್ತಿಯೋ ಎಂಬುದನ್ನು ನೋಡಿಕೊಳ್ಳಬೇಕು.

ಅದಕ್ಕೆ ಒಂದು ವಾರ ಸಾಕು. ಕ್ಯಾಲೆಂಡರಿನ ಹಿಂಬದಿಯಲ್ಲಿ ಎರಡು ಸಾಲು ಗೆರೆ ಎಳೆದು, ಪ್ರತಿ ಕೆಲಸದ ಎದುರು ಮಾಡಿದವರು ಯಾರು, ನೆನಪಿಟ್ಟವರು ಯಾರು ಎಂದು ಬರೆಯಿರಿ. ಇಡ್ಲಿ ಹೊಯ್ದದ್ದು ಮಗ. ಹಿಂದಿನ ದಿನ ಅಕ್ಕಿ, ಉದ್ದು ನೆನೆಹಾಕಲು ಹೇಳಿದ್ದು ಯಾರು? ಮಳೆಗಾಲದ ಥಂಡಿಗೆ ಹಿಟ್ಟು ಹುಳಿ ಬರುವುದಿಲ್ಲ, ಪಾತ್ರೆಯನ್ನು ಬಚ್ಚಲೊಲೆಯ ಹತ್ತಿರ ಇಡಬೇಕೆಂದು ಹೊಳೆದದ್ದು ಯಾರಿಗೆ? ಸಿಲಿಂಡರ್ ಬುಕ್ ಮಾಡಿದ್ದು, ಮಗುವಿನ ಲಸಿಕೆಯ ತಾರೀಖು ನೋಡಿದ್ದು? ಈ ಎರಡನೆಯ ಸಾಲಿನಲ್ಲಿ ಸೊಸೆಯ ಹೆಸರೇ ತುಂಬಿದ್ದರೆ ಅವಳು ತೋಟದಲ್ಲಿ ನಿಂತು ಅಡುಗೆಮನೆಯನ್ನೂ ನಡೆಸುತ್ತಿದ್ದಾಳೆ ಎಂದರ್ಥ. ಆಗ ಮಗನಿಗೆ ಒಪ್ಪಿಸಬೇಕಾದದ್ದು ಇನ್ನೊಂದು ಅಡುಗೆಯನ್ನಲ್ಲ, ಇಡೀ ಒಂದು ವಿಭಾಗವನ್ನು: ದಿನಸಿ ಎಂದರೆ ಪಟ್ಟಿ ಬರೆಯುವುದರಿಂದ ಡಬ್ಬಿ ತುಂಬುವವರೆಗೆ ಅವನದೇ.

ತೋಟದ ಕಡೆಯೂ ಇದೇ ಲೆಕ್ಕ. ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆಸುವ ದಿನವನ್ನೇ ನೋಡಿ. ಶೇ 1ರ ದ್ರಾವಣಕ್ಕೆ 1 ಕೆ.ಜಿ. ಮೈಲುತುತ್ತ (ತಾಮ್ರದ ಸಲ್ಫೇಟ್) 50 ಲೀಟರ್ ನೀರಿನಲ್ಲಿ, 1 ಕೆ.ಜಿ. ಸುಟ್ಟ ಸುಣ್ಣ ಇನ್ನೊಂದು 50 ಲೀಟರಿನಲ್ಲಿ. ತುತ್ತದ ನೀರನ್ನು ಸುಣ್ಣದ ನೀರಿಗೆ ತಿರುವುತ್ತ ಹೊಯ್ಯಬೇಕು, ಕಬ್ಬಿಣದ ಪಾತ್ರೆ ಕೂಡದು. ಉಜ್ಜಿದ ಕತ್ತಿಯನ್ನು ಒಂದು ನಿಮಿಷ ಅದ್ದಿ ತೆಗೆದಾಗ ತಾಮ್ರದ ಕೆಂಪು ಹಿಡಿದಿದ್ದರೆ ಹುಳಿ ಉಳಿದಿದೆ, ಹಾಗೇ ಹೊಡೆದರೆ ಎಳೆಗಾಯಿ ಸುಡುತ್ತದೆ, ಸುಣ್ಣದ ನೀರು ಇನ್ನಷ್ಟು ಬೇಕು. ಇದೆಲ್ಲ ಸೊಸೆಗೆ ಗೊತ್ತು ಎಂದಿಟ್ಟುಕೊಳ್ಳಿ. ಸೊಸೆ "ಇನ್ನೊಂದು ಕೊಡ ಸುಣ್ಣದ ನೀರು ಹಾಕಿ" ಎನ್ನುವಾಗ ಯಜಮಾನರು ಜಗಲಿಯಿಂದ "ಸಾಕು, ಹೊಡೀರೋ, ಮೋಡ ಆಗ್ತಿದೆ" ಎಂದರೆ ಆಳುಗಳು ಯಾರ ಮಾತು ಕೇಳುತ್ತಾರೆ? ಯಜಮಾನರದ್ದೇ. ಕಾಯಿ ಸುಟ್ಟರೆ ಬೈಗುಳ ಮಾತ್ರ ಸೊಸೆಗೆ. ಆದ್ದರಿಂದ ಆಳುಗಳೆದುರು ಮಾತು ಒಂದೇ ಬಾಯಿಂದ ಬರಲಿ. ಯಜಮಾನರ ಅನುಭವ ದೊಡ್ಡದು, ಅದನ್ನು ಹಿಂದಿನ ರಾತ್ರಿ ಊಟಕ್ಕೆ ಕೂತಾಗ ಸೊಸೆಗೆ ಹೇಳಲಿ. ಆಳುಗಳು ಬಂದು "ಯಜಮಾನ್ರೇ, ಏನ್ಮಾಡೋದು" ಎಂದಾಗ "ಅವಳನ್ನ ಕೇಳಿ" ಎಂದರೆ ಆಯಿತು. ನಾಲ್ಕು ಸಲ ಹೀಗಾದರೆ ಅವರಿಗೆ ರೂಢಿಯಾಗುತ್ತದೆ.

ಸುಗ್ಗಿ ಬಂದಾಗ ಯಾವ ಏರ್ಪಾಡೂ ಅಲುಗುತ್ತದೆ. ಹತ್ತು ಜನ ಸುಲಿಯುವವರಿಗೆ ದಿನಕ್ಕೆ ಮೂರು ಸಲ ಚಹಾ, ತಿಂಡಿ, ಊಟ, ಜೊತೆಗೆ ಮಗನಿಗೆ ಕಂಪನಿಯ ಮೀಟಿಂಗು. ಆ ತಿಂಗಳುಗಳಿಗೆ ಅಡುಗೆಗೆ ಒಬ್ಬರನ್ನು ಗೊತ್ತುಮಾಡಿ, ಅಥವಾ ಒಂದು ಭಾಗವನ್ನು ಚೇಣಿಗೆ, ಅಂದರೆ ಫಸಲಿನ ಗುತ್ತಿಗೆಗೆ, ಕೊಡಿ. "ಅವನಿಗೆ ಆಗ್ತಾ ಇಲ್ಲ ಪಾಪ" ಎಂದು ನೀವು ಸೆರಗು ಸಿಕ್ಕಿಸಿದರೆ ಸುಗ್ಗಿ ಮುಗಿದ ಮೇಲೂ ಒಲೆ ನಿಮ್ಮದೇ.

ಈಗ ಉಪ್ಪಿನ ಮರಿಗೆ. ನಿಮ್ಮ ಪತ್ರದಲ್ಲಿ ನಿಜಕ್ಕೂ ನೋವಿರುವುದು ಆ ಸಾಲಿನಲ್ಲಿ. ಅದು ತಪ್ಪಲ್ಲ. ನಿಮ್ಮ ಮಾತು ನಡೆಯುತ್ತಿದ್ದ ಜಾಗ ಅದೊಂದೇ, ಅದನ್ನು ಮಗ ನಿಮ್ಮನ್ನು ಕೇಳದೆ ಜೋಡಿಸಿದ್ದಾನೆ. ಮರಿಗೆ ಹಳೆಯ ಜಾಗದಲ್ಲೇ ಇರಲಿ ಎಂದು ನೇರವಾಗಿ ಹೇಳಿ, ಅದಕ್ಕೆ ಸಮಾಜದ ಅಳಿವು ಉಳಿವಿನ ಆಸರೆ ಬೇಡ. ಹಬ್ಬದಡುಗೆ, ಉಪ್ಪಿನಕಾಯಿ ನಿಮ್ಮ ಮೇಲುಸ್ತುವಾರಿಯಲ್ಲಿ ಉಳಿಯಲಿ. ಅಪ್ಪೆಮಿಡಿಯ ತೊಟ್ಟು ಉಳಿಸಿ ಕೊಯ್ಯಿಸುವುದು, ಸೊನೆ ಹೋಗದಂತೆ ಒರೆಸುವುದು, ಕಲ್ಲುಪ್ಪಿನಲ್ಲಿ ಮಿಡಿ ಮುರುಟುವವರೆಗೆ ಕಾಯುವುದು, ಹಸಿ ಕೈ ತಾಗಿಸದಿರುವುದು, ಇವನ್ನು ಮಗನಿಗೆ ಕಲಿಸಿ. ನಿಮ್ಮ ಕೈಯಳತೆಯನ್ನು ಒಮ್ಮೆ ತಕ್ಕಡಿಯಲ್ಲಿ ತೂಗಿ ಬರೆದಿಡಿ. ಕಲಿಸುವಾಗ ಒಂದು ಎಚ್ಚರ: ಅವನು ಬಾಳೆದಿಂಡು ದಪ್ಪಗೆ ಹೆಚ್ಚುತ್ತಿದ್ದರೆ "ಕೊಡು ಇಲ್ಲಿ" ಎಂದು ಕತ್ತಿ ಕಸಿಯಬೇಡಿ. ಗಂಡಸರು ಅಡುಗೆಮನೆ ಬಿಟ್ಟು ಓಡುವುದು ಬಹಳ ಸಲ ಆ ಎರಡು ಮಾತಿಗೇ.

ಮೊಮ್ಮಗ ಕಲಿಯುತ್ತಿದ್ದಾನೆ, ಚಿಂತೆ ಬೇಡ. ಊಟದ ತಟ್ಟೆ ತೊಳೆಯಲು, ಒಣಹಾಕಿದ ಅಡಿಕೆ ಮಗುಚಲು ಅವನನ್ನೂ ಹಚ್ಚಿ. ಶಾಲೆಯಲ್ಲಿ ಯಾರಾದರೂ ಕೀಟಲೆ ಮಾಡಿದರೆ "ಮನೆಯಲ್ಲಿ ಎಲ್ಲರೂ ಎಲ್ಲ ಕೆಲಸ ಮಾಡ್ತೀವಿ" ಎಂಬ ಉತ್ತರ ಬಾಯಿಪಾಠವಿರಲಿ.

ಉಳಿದದ್ದು ಕಾಗದ, ನಮ್ಮ ಮುಖ್ಯ ಆತಂಕ ಇದೇ. ಪಹಣಿ, ಅಂದರೆ ಜಮೀನಿನ ದಾಖಲೆ, ಬಹುಶಃ ಇನ್ನೂ ಯಜಮಾನರ ಹೆಸರಲ್ಲೇ ಇದೆ. ಬೆಳೆ ಸಾಲ, ಬೆಳೆ ವಿಮೆ, ಸಹಾಯಧನ ಎಲ್ಲವೂ ಪಹಣಿ ಮತ್ತು ರೈತ ನೋಂದಣಿಯ ಗುರುತಿನ ಸಂಖ್ಯೆ (ಎಫ್‌ಐಡಿ) ಹಿಡಿದು ನಡೆಯುತ್ತವೆ. ಮೂರು ಎಕರೆ ನಡೆಸುವ ನಿಮ್ಮ ಸೊಸೆ ಸರ್ಕಾರದ ಲೆಕ್ಕದಲ್ಲಿ ರೈತಳೇ ಅಲ್ಲ. ಮಗನ ಹೆಂಡತಿಗೆ ಪಿತ್ರಾರ್ಜಿತ ಆಸ್ತಿಯಲ್ಲಿ ಹುಟ್ಟಿನಿಂದ ಬರುವ ಹಕ್ಕಿಲ್ಲ. ನಿಮ್ಮ ಹೆಣ್ಣುಮಕ್ಕಳಿಗೆ ಇದೆ: ಕರ್ನಾಟಕ 1994ರಲ್ಲಿ ಕೊಟ್ಟ ಹಕ್ಕು ಆಗ ಮದುವೆಯಾಗಿರದ ಹೆಣ್ಣುಮಕ್ಕಳಿಗೆ ಸೀಮಿತವಾಗಿತ್ತು, 2005ರ ಸೆಪ್ಟೆಂಬರ್ 9ರಿಂದ ಜಾರಿಗೆ ಬಂದ ಕೇಂದ್ರದ ತಿದ್ದುಪಡಿ ಮದುವೆಯಾದವರನ್ನೂ ಸೇರಿಸಿತು. ತೋಟ ಯಜಮಾನರ ಸ್ವಯಾರ್ಜಿತವಾದರೆ ಅವರು ಯಾರಿಗೆ ಬೇಕಾದರೂ ದಾನಪತ್ರ ಮಾಡಬಹುದು. ಪಿತ್ರಾರ್ಜಿತವಾದರೆ ಮೊದಲು ವಿಭಾಗಪತ್ರ ಆಗಿ, ಮಗನ ಪಾಲಿಗೆ ಬಂದದ್ದರಲ್ಲಿ ಅವನು ಹೆಂಡತಿಗೆ ಬರೆದುಕೊಡಬೇಕು. ಎರಡೂ ಸಬ್‌ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಣಿಯಾಗಬೇಕು, ಬಿಳಿ ಹಾಳೆಯಲ್ಲಿ ರುಜು ಹಾಕಿ ಪೆಟ್ಟಿಗೆಯಲ್ಲಿಟ್ಟರೆ ಪಹಣಿ ಬದಲಾಗುವುದಿಲ್ಲ. ಅಷ್ಟರವರೆಗೆ ಮಂಡಿಯ ಹಣ ಬೀಳುವ ಖಾತೆಯನ್ನು ಸೊಸೆಯನ್ನೂ ಸೇರಿಸಿ ಜಂಟಿ ಮಾಡಿ, ಆಳಿನ ಬಟವಾಡೆ ಅವಳ ಕೈಯಿಂದಲೇ ಆಗಲಿ.

ಹೆಣ್ಣುಮಕ್ಕಳು ತವರಿಗೆ ಬರುವ ಮುಂದಿನ ಹಬ್ಬಕ್ಕೆ ಮೂಲಪತ್ರ, ಪಹಣಿ, ಬ್ಯಾಂಕ್ ಪಾಸ್‌ಬುಕ್ ಹೊರಗೆ ತೆಗೆದಿಡಿ. ಮೊದಲ ಮಾತು ನೀವು, ಯಜಮಾನರು, ಮಕ್ಕಳು, ಸೊಸೆ ಇಷ್ಟೇ ಜನ ಕೂತು ಆಗಲಿ, ಅಳಿಯಂದಿರಿಗೆ ಆಮೇಲೆ ತಿಳಿಸಿದರಾಯಿತು. ಅದೂ ಬೆಳಗಿನ ತಿಂಡಿ ಆದ ಮೇಲೆ ಕೂರಿ, ಹಬ್ಬದೂಟ ಮುಗಿದರೆ ಯಜಮಾನರು ಕೈಗೆ ಸಿಗುವುದಿಲ್ಲ.