ಜೆಸ್ವಿಟ್ (ಕ್ಯಾಥೊಲಿಕ್ ಪಾದ್ರಿಗಳ ಒಂದು ಸಂಘ) ಶಾಲೆಗಳು ಕ್ರೈಸ್ತರಲ್ಲದ, ಪ್ರಾಚೀನ ರೋಮಿನ ವಾಗ್ಮಿ ಸಿಸೆರೊ, ಕವಿ ವರ್ಜಿಲ್‌ರನ್ನು ಯಾಕೆ ಪಾಠ ಮಾಡುತ್ತಿದ್ದವು?

ಚೆನ್ನಾಗಿ ಯೋಚಿಸಿ, ಚೆನ್ನಾಗಿ ಮಾತಾಡುವುದನ್ನು ಕಲಿಸಲು ಅವರಿಗಿಂತ ಒಳ್ಳೆಯ ಮೇಷ್ಟ್ರು ಇಲ್ಲ ಎಂದು ಜೆಸ್ವಿಟರು ನಂಬಿದ್ದರು. ಆಗ, ಅಂದರೆ 16ನೇ ಶತಮಾನದಲ್ಲಿ, ಚರ್ಚ್, ವಿಶ್ವವಿದ್ಯಾಲಯ ಎರಡರ ಭಾಷೆಯೂ ಲ್ಯಾಟಿನ್. ಅದಕ್ಕೆ ಸಿಸೆರೊನೇ ಮಾದರಿ.

ಬೇರೆ ದೇವರುಗಳ ಕಥೆ ಓದಿದರೆ ನಂಬಿಕೆ ಕೆಡುವುದಿಲ್ಲವೇ? ಈ ಅನುಮಾನ ತುಂಬಾ ಹಳೆಯದು. 4ನೇ ಶತಮಾನದಲ್ಲೇ ಸಂತ ಬೆಸಿಲ್ ಯುವಕರಿಗೆ ಉತ್ತರ ಕೊಟ್ಟಿದ್ದರು: ಜೇನುನೊಣದ ಹಾಗೆ ಓದಿ. ಅದು ಎಲ್ಲ ಹೂವಿಗೂ ಹೋಗುವುದಿಲ್ಲ, ಕೂತ ಹೂವನ್ನು ಪೂರ್ತಿ ಹೊತ್ತು ತರುವುದೂ ಇಲ್ಲ. ಬೇಕಾದ್ದನ್ನು ಮಾತ್ರ ತೆಗೆದುಕೊಳ್ಳುತ್ತದೆ.

ಇದರ ಹಿಂದೆ ಒಂದು ಕ್ಯಾಥೊಲಿಕ್ ವಿಚಾರವಿದೆ. ವಿವೇಕ, ನ್ಯಾಯ, ಧೈರ್ಯ, ಸಂಯಮ ಈ ನಾಲ್ಕನ್ನೂ ಮನುಷ್ಯ ತನ್ನ ಬುದ್ಧಿಯಿಂದಲೇ ಅರಿಯಬಲ್ಲ. ಹಾಗಾಗಿ ಕ್ರಿಸ್ತನನ್ನೇ ಅರಿಯದವರೂ ಇವುಗಳ ಬಗ್ಗೆ ನಿಜ ಹೇಳಬಹುದು. ನಂಬಿಕೆ ಅದನ್ನು ಅಳಿಸುವುದಿಲ್ಲ, ಪೂರ್ಣಗೊಳಿಸುತ್ತದೆ. ಸಂತ ಅಗಸ್ಟೀನರಿಗೂ ಜ್ಞಾನದ ಹಸಿವು ಹತ್ತಿದ್ದು 19ನೇ ವಯಸ್ಸಿನಲ್ಲಿ ಸಿಸೆರೊನನ್ನು ಓದಿದಾಗ!

1548ರಲ್ಲಿ ಸಿಸಿಲಿಯ ಮೆಸ್ಸೀನಾದಲ್ಲಿ ಶಾಲೆ ತೆರೆದ ಜೆಸ್ವಿಟರು 1599ರಲ್ಲಿ ಇದನ್ನೆಲ್ಲ ಪಠ್ಯಕ್ರಮದ ನಿಯಮವಾಗಿಯೇ ಬರೆದರು. ಹಾಗಂತ ಸುಮ್ನೆ ಎಲ್ಲವನ್ನೂ ಓದಿಸಲಿಲ್ಲ. ಅಶ್ಲೀಲ ಎನಿಸಿದ ಭಾಗಗಳಿಗೆ ಕತ್ತರಿ ಬೀಳುತ್ತಿತ್ತು.