ಫೋಟೋದಲ್ಲಿರುವ ಕೊಲಂಬಿಯಾ 1905ರದ್ದೋ, 1956ರದ್ದೋ?

ನಿಮ್ಮ ಫೋಟೋದಲ್ಲಿರುವ ಕೊಲಂಬಿಯಾ ದೋಣಿ ಯಾವ ವರ್ಷದ್ದು ಅಂತ ಕೇಳಿದ್ದೀರಿ. ಒಂದೇ ದೋಣಿಗೆ ಒಂದು ಕಡೆ 1905, ಇನ್ನೊಂದು ಕಡೆ 1956 ಅಂತ ನಿಮಗೆ ಸಿಕ್ಕಿರೋದಕ್ಕೆ ಕಾರಣ ಬಹುಶಃ ಇಷ್ಟೇ: ಕೊಲಂಬಿಯಾ ಹೆಸರಿನ ಮಿಷನ್ ದೋಣಿ (ಕ್ರೈಸ್ತ ಸೇವಾಸಂಸ್ಥೆಯ ದೋಣಿ) ಒಂದಲ್ಲ, ಮೂರು. 1904ರಲ್ಲಿ ಪಾದ್ರಿ ಜಾನ್ ಆಂಟಲ್ ಪುಟ್ಟ ದೋಣಿಯಲ್ಲಿ ಕೆನಡಾದ ಬ್ರಿಟಿಷ್ ಕೊಲಂಬಿಯಾ ಪ್ರಾಂತ್ಯದ ಕರಾವಳಿ ಸುತ್ತಿ, ಮರ ಕಡಿಯುವವರ ಕ್ಯಾಂಪುಗಳ ಪಾಡು ಕಂಡಿದ್ದರು. ದಿಮ್ಮಿ ಉರುಳಿ ಕಾಲು ಜಜ್ಜಿಹೋದವನಿಗೆ ಆಸ್ಪತ್ರೆ ಸಿಗಬೇಕಾದರೆ ನೀರಿನ ದಾರಿಯೇ ಗತಿ. ಅದಕ್ಕೇ 1905ರಲ್ಲಿ ಮೊದಲನೆಯದು ಬಂತು, 1910ರಲ್ಲಿ ಎರಡನೆಯದು, 1956ರಲ್ಲಿ ಮೂರನೆಯದು.

ಮೊದಲು ಫೋಟೋದ ಹಿಂಬದಿಯಲ್ಲಿ ವರ್ಷ ಬರೆದಿದೆಯಾ ನೋಡಿ. ಇಲ್ಲದಿದ್ದರೆ ದೋಣಿಯ ಮೂತಿಯ ಮೇಲಿನ ಹೆಸರನ್ನು ದೊಡ್ಡದು ಮಾಡಿ, ಪಕ್ಕದಲ್ಲಿ ರೋಮನ್ ಅಂಕಿ ಇದೆಯಾ ಹುಡುಕಿ. ಬಣ್ಣದ ಫೋಟೋ ಆದರೆ ಮೂರನೆಯದೇ ಇರಬಹುದು, ಆದರೆ ಅದೊಂದನ್ನೇ ನಂಬಬೇಡಿ. ಆಮೇಲೆ ಎರಡೂ ಬದಿ ಸ್ಕ್ಯಾನ್ ಮಾಡಿ ಅದೇ ಪ್ರಾಂತ್ಯದ ಕ್ಯಾಂಪ್‌ಬೆಲ್ ರಿವರ್ ಊರಿನ ಮ್ಯೂಸಿಯಂಗೆ ಕಳಿಸಿ ಕೇಳಿ.