ಡಿಎ ಚುನಾವಣೆಗೆ ನಿಂತವರಿಗೆ ಏನು ಕೇಳಬೇಕು?

ಪ್ರಶ್ನೆ: ನಾವಿರುವುದು ಟೆಕ್ಸಾಸ್‌ನ ರೌಂಡ್ ರಾಕ್‌ನಲ್ಲಿ. ಸಿಟಿಜನ್‌ಶಿಪ್ ಸಿಕ್ಕ ಮೇಲೆ ಇದೇ ಮೊದಲ ಓಟು. ಡಿಸ್ಟ್ರಿಕ್ಟ್ ಅಟಾರ್ನಿ (ಡಿಎ), ಅಂದರೆ ಕ್ರಿಮಿನಲ್ ಕೇಸು ನಡೆಸುವ ಸರ್ಕಾರಿ ವಕೀಲರ ಹುದ್ದೆಗೆ ನಿಂತವರೆಲ್ಲ "ಅನುಭವ ಇದೆ, ಎಲ್ಲರಿಗೂ ಒಂದೇ ನ್ಯಾಯ" ಅಂತಲೇ ಹೇಳುತ್ತಾರೆ. ನಮ್ಮೂರಲ್ಲಿ ಸರ್ಕಾರಿ ವಕೀಲರಿಗೆ ಯಾರೂ ಓಟು ಹಾಕುವುದಿಲ್ಲವಲ್ಲ ಸರ್, ಇವರಲ್ಲಿ ಒಬ್ಬರನ್ನು ಆರಿಸುವುದು ಹೇಗೆ?

ಉತ್ತರ: ಒಳ್ಳೆ ಪ್ರಶ್ನೆ ಕೇಳಿದ್ದೀರಿ. ಬಹಳಷ್ಟು ಜನ ಅಧ್ಯಕ್ಷರ ಹೆಸರಿಗೆ ಓಟು ಹಾಕಿ, ಕೆಳಗಿನ ಹುದ್ದೆಗಳನ್ನು ಸುಮ್ನೆ ಬಿಟ್ಟು ಬರುತ್ತಾರೆ. ನಿಮ್ಮ ಮನೆಗೆ ಹತ್ತಿರದ ಅಧಿಕಾರ ಇರುವುದೇ ಆ ಕೆಳಗಿನ ಸಾಲುಗಳಲ್ಲಿ.

ಕರ್ನಾಟಕದಲ್ಲಿ ಪಬ್ಲಿಕ್ ಪ್ರಾಸಿಕ್ಯೂಟರ್ ಅವರನ್ನು ಸರ್ಕಾರ ನೇಮಿಸುತ್ತದೆ. ಕನಿಷ್ಠ 7 ವರ್ಷ ವಕೀಲಿಕೆ ಮಾಡಿರಬೇಕು. ತನಿಖೆ ಮುಗಿಸಿ ಚಾರ್ಜ್‌ಶೀಟ್ ಹಾಕುವುದು ಪೊಲೀಸರು. ನೀವಿರುವ ಕಡೆ ಹಾಗಲ್ಲ. ಪೊಲೀಸರು ಹಿಡಿದು ತಂದ ಮೇಲೆ ಆ ಕೇಸು ಮುಂದೆ ಹೋಗಬೇಕಾ, ಯಾವ ಆರೋಪ ಹೊರಿಸಬೇಕು, ಆರೋಪಿ ತಪ್ಪೊಪ್ಪಿಕೊಂಡರೆ ಎಷ್ಟು ಶಿಕ್ಷೆಗೆ ರಾಜಿ ಮಾಡಿಕೊಳ್ಳಬೇಕು, ಇದನ್ನೆಲ್ಲ ನೋಡುವುದು ಡಿಎ ಕಚೇರಿ. ಅಲ್ಲಿನ ರಾಜ್ಯಗಳ ಕೋರ್ಟುಗಳಲ್ಲಿ ಶಿಕ್ಷೆಯಾಗುವ ಪ್ರತಿ 100 ಕೇಸಿನಲ್ಲಿ ಸುಮಾರು 94 ವಿಚಾರಣೆಯೇ ಇಲ್ಲದೆ ತಪ್ಪೊಪ್ಪಿಗೆಯಲ್ಲಿ ಮುಗಿಯುತ್ತವೆ ಅಂತ 2012ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟೇ ಹೇಳಿತ್ತು. ಅಂದರೆ ಹೆಚ್ಚಿನವರ ಪಾಲಿಗೆ ಕೊನೆಯ ಮಾತು ಜಡ್ಜ್‌ದಲ್ಲ, ತೀರ್ಪು ಹೇಳಲು ಕೂರಿಸುವ ಸಾಮಾನ್ಯ ನಾಗರಿಕರ ತಂಡವಾದ ಜ್ಯೂರಿಯದೂ ಅಲ್ಲ, ಡಿಎ ಕಚೇರಿಯದೇ. ಸಿಟಿಜನ್ ಆಗದವರು ಹೀಗೆ ತಪ್ಪೊಪ್ಪಿಕೊಂಡರೆ ದೇಶ ಬಿಡಬೇಕಾದ ಪರಿಸ್ಥಿತಿಯೂ ಬರಬಹುದು. ನಮ್ಮವರು ಇದನ್ನು ಗಮನದಲ್ಲಿಡಬೇಕು.

ಇನ್ನು ಅನುಭವದ ವಿಷಯ. ಇದಕ್ಕೆ ನಿಮ್ಮ ವಿಲಿಯಮ್ಸನ್ ಕೌಂಟಿಯಲ್ಲೇ (ನಮ್ಮ ಜಿಲ್ಲೆಯ ಹಾಗೆ) ನಡೆದ ಮೈಕಲ್ ಮಾರ್ಟನ್ ಕೇಸು ನೋಡಿ. 1986ರ ಆಗಸ್ಟ್‌ನಲ್ಲಿ ಅವರ ಹೆಂಡತಿ ಕ್ರಿಸ್ಟೀನ್ ಮನೆಯಲ್ಲೇ ಕೊಲೆಯಾದರು. ಮರುವರ್ಷ ಗಂಡನಿಗೆ ಜೀವಾವಧಿ ಶಿಕ್ಷೆಯಾಯಿತು. ಆದರೆ ಮೂರು ವರ್ಷದ ಮಗ ಎಲ್ಲವನ್ನೂ ನೋಡಿದ್ದ. "ರಾಕ್ಷಸ ಬಂದಿದ್ದ, ಅಪ್ಪ ಮನೆಯಲ್ಲಿರಲಿಲ್ಲ" ಎಂಬರ್ಥದಲ್ಲಿ ಅಜ್ಜಿಗೆ ಹೇಳಿದ್ದ. ಅಜ್ಜಿ ಅದನ್ನು ಪೊಲೀಸರಿಗೆ ತಿಳಿಸಿದ್ದರು. ಯಾರೋ ಹಸಿರು ವ್ಯಾನ್ ನಿಲ್ಲಿಸಿ ಮನೆಯ ಹಿಂದಿನ ಕಾಡಿನ ಕಡೆ ಹೋಗುತ್ತಿದ್ದುದನ್ನು ಅಕ್ಕಪಕ್ಕದವರು ಕಂಡಿದ್ದರು. ಎರಡೂ ಪೊಲೀಸರ ಫೈಲಿನಲ್ಲಿದ್ದವು. ಆರೋಪಿಯ ವಕೀಲರಿಗೆ ಮಾತ್ರ ಸಿಗಲಿಲ್ಲ. ಆರೋಪಿಗೆ ಅನುಕೂಲವಾಗುವ ಸಾಕ್ಷ್ಯವನ್ನು ಕೊಡಲೇಬೇಕು ಅಂತ ಸುಪ್ರೀಂ ಕೋರ್ಟ್ 1963ರಲ್ಲೇ ಹೇಳಿತ್ತು, ನೆನಪಿರಲಿ.

ಆಗ ಡಿಎ ಆಗಿದ್ದವರು ಕೆನ್ ಆಂಡರ್ಸನ್. ಅನುಭವಕ್ಕೆ ಏನೂ ಕಡಿಮೆ ಇರಲಿಲ್ಲ. ಮುಂದೆ ಜಡ್ಜ್ ಕೂಡ ಆದರು. ಅವರ ನಂತರ ಬಂದ ಜಾನ್ ಬ್ರ್ಯಾಡ್ಲಿ ಕೂಡ ಪಳಗಿದ ಪ್ರಾಸಿಕ್ಯೂಟರೇ. ಮನೆಯ ಹತ್ತಿರ ಸಿಕ್ಕಿದ್ದ ರಕ್ತದ ಕಲೆಯ ಕರವಸ್ತ್ರವನ್ನು ಡಿಎನ್ಎ ಪರೀಕ್ಷೆಗೆ ಕೊಡಿ ಅಂತ ಮಾರ್ಟನ್ ಪರ ವಕೀಲರು ಕೇಳಿದಾಗ, ಬ್ರ್ಯಾಡ್ಲಿ ವರ್ಷಗಟ್ಟಲೆ ವಿರೋಧಿಸಿದರು. ಕೊನೆಗೆ ಕೋರ್ಟ್ ಆದೇಶದ ಮೇಲೆ ಪರೀಕ್ಷೆ ನಡೆದಾಗ ಬೇರೊಬ್ಬನ ಡಿಎನ್ಎ ಸಿಕ್ಕಿತು. 2011ರಲ್ಲಿ, ಸುಮಾರು 25 ವರ್ಷ ಜೈಲಿನಲ್ಲಿದ್ದ ಮೇಲೆ, ಮಾರ್ಟನ್ ಹೊರಬಂದರು. ನನ್ನನ್ನು ಹೆಚ್ಚು ಕಾಡುವುದು ಇನ್ನೊಂದು ವಿಷಯ. ನಿಜವಾದ ಕೊಲೆಗಾರ ಹೊರಗೇ ಓಡಾಡಿಕೊಂಡಿದ್ದ. 1988ರ ಜನವರಿಯಲ್ಲಿ ಆಸ್ಟಿನ್‌ನಲ್ಲಿ ಡೆಬ್ರಾ ಬೇಕರ್ ಎಂಬ ಇನ್ನೊಬ್ಬ ಹೆಣ್ಣುಮಗಳನ್ನು ಕೊಂದ. ನ್ಯಾಯವಾಗಿ ನಡೆದುಕೊಳ್ಳುವುದು ಅಂದರೆ ಅಪರಾಧಿಗಳ ಮೇಲೆ ಮೆತ್ತಗಿರುವುದು ಅಂತ ಹೇಳುವವರಿಗೆ ಈ ಒಂದು ಕೊಲೆಯೇ ಉತ್ತರ.

2012ರ ಪ್ರೈಮರಿಯಲ್ಲಿ, ಅಂದರೆ ಪಕ್ಷದ ಅಭ್ಯರ್ಥಿ ಯಾರೆಂದು ಮತದಾರರೇ ಆರಿಸುವ ಮೊದಲ ಸುತ್ತಿನಲ್ಲಿ, ನಿಮ್ಮ ಕೌಂಟಿಯ ಮತದಾರರು ಬ್ರ್ಯಾಡ್ಲಿ ಅವರನ್ನು ಸೋಲಿಸಿದರು. ಸಾಕ್ಷ್ಯದ ಫೈಲನ್ನು ಆರೋಪಿಯ ವಕೀಲರಿಗೆ ತೆರೆದಿಡಬೇಕು ಅನ್ನುವ ಮೈಕಲ್ ಮಾರ್ಟನ್ ಕಾಯ್ದೆ 2014ರ ಜನವರಿ 1ರಂದು ಜಾರಿಗೆ ಬಂತು. ಆ ಸಾಕ್ಷ್ಯ ಮುಚ್ಚಿಟ್ಟಿದ್ದಕ್ಕೆ ಆಂಡರ್ಸನ್ ಅವರಿಗೆ ಸಿಕ್ಕ ಜೈಲು ಶಿಕ್ಷೆ ಬರೀ 10 ದಿನ. ವಕೀಲಿಕೆಯ ಲೈಸೆನ್ಸ್ ಕೂಡ ಹೋಯಿತು.

ಹಾಗಾಗಿ ಎಷ್ಟು ವರ್ಷ ಕೆಲಸ ಮಾಡಿದ್ದಾರೆ, ಎಷ್ಟು ಕೇಸು ಗೆದ್ದಿದ್ದಾರೆ ಅಂತ ಕೇಳಿ ನಿಲ್ಲಿಸಬೇಡಿ. ತಮ್ಮ ಕೇಸಿಗೇ ಏಟು ಕೊಡುವ ಸಾಕ್ಷ್ಯ ಕೈಗೆ ಬಂದಾಗ ಏನು ಮಾಡಿದರು ಅಂತ ಕೇಳಿ. ಕೇಸು ವಾಪಸ್ ತೆಗೆದುಕೊಂಡ ಒಂದಾದರೂ ಉದಾಹರಣೆ ಹೇಳಲಿ. ಹಳೆಯ ಶಿಕ್ಷೆಗಳನ್ನು ಮತ್ತೆ ಪರಿಶೀಲಿಸುವ ಘಟಕ ಇರಬೇಕಾ, ಅದಕ್ಕೆ ಎಷ್ಟು ಜನರನ್ನು ಕೊಡುತ್ತೀರಿ ಅಂತಲೂ ಕೇಳಿ. ಡಲ್ಲಾಸ್ ಕೌಂಟಿಯಲ್ಲಿ 2007ರಲ್ಲಿ ಇಂಥ ಘಟಕ ಶುರು ಮಾಡಿದ ಕ್ರೇಗ್ ವಾಟ್ಕಿನ್ಸ್, ಡಿಎ ಆಗುವ ಮೊದಲು ಆರೋಪಿಗಳ ಪರ ವಾದಿಸುತ್ತಿದ್ದವರು. ಅದೂ ಅನುಭವವೇ ಅಲ್ವಾ? ಅಭ್ಯರ್ಥಿಯ ಎದುರು ಕೋರ್ಟಿನಲ್ಲಿ ವಾದಿಸಿದ ವಕೀಲರು ನಿಮಗೆ ಪರಿಚಯವಿದ್ದರೆ ವಿಚಾರಿಸಿ. ಇವರು ಕೊಟ್ಟ ಮಾತು ಉಳಿಸಿಕೊಳ್ಳುತ್ತಾರಾ ಅನ್ನುವುದು ಅವರಿಗೆ ಚೆನ್ನಾಗಿ ಗೊತ್ತಿರುತ್ತದೆ.

ಇನ್ನೊಂದು ಮಾತು. ಟೆಕ್ಸಾಸ್‌ನಲ್ಲಿ ಡಿಎ ಚುನಾವಣೆ ಪಕ್ಷದ ಮೇಲೆ ನಡೆಯುತ್ತದೆ. ಎಷ್ಟೋ ಕಡೆ ಪ್ರೈಮರಿಯಲ್ಲೇ ಎಲ್ಲ ತೀರ್ಮಾನ ಆಗಿರುತ್ತದೆ. ಪಕ್ಷದ ಸದಸ್ಯತ್ವ ಬೇಕಿಲ್ಲ, ಎರಡು ದೊಡ್ಡ ಪಕ್ಷಗಳಲ್ಲಿ ಯಾವುದಾದರೂ ಒಂದರ ಪ್ರೈಮರಿಯಲ್ಲಿ ಓಟು ಹಾಕಬಹುದು. ಹೆಸರು ಮಾತ್ರ 30 ದಿನ ಮೊದಲೇ ನೋಂದಾಯಿಸಿರಬೇಕು. ನವೆಂಬರ್‌ನ ಮುಖ್ಯ ಚುನಾವಣೆವರೆಗೆ ಕಾಯಬೇಡಿ.